ಎಂಟು ಮನೆ, ಒಂದು ಬಾವಿ

ಪ್ರಶ್ನೆ: ನಮ್ಮೂರ ಅಡಿಕೆ ಬೆಳೆಗಾರರ ಸೊಸೈಟಿಯ ಲಿನಕ್ಸ್ ಸರ್ವರ್ ನೋಡಿಕೊಳ್ಳುತ್ತೇನೆ. ಅದರಲ್ಲಿರುವುದೇ 8 ಜಿಬಿ ರ‍್ಯಾಮ್. 'ಟಾಪ್' ಕಮಾಂಡ್ ಕೊಟ್ಟರೆ ಪೋಸ್ಟ್‌ಗ್ರೆಸ್ ಡೇಟಾಬೇಸಿನ 12 ಪ್ರೋಸೆಸ್‌ಗಳು ಕಾಣುತ್ತವೆ, ಒಂದೊಂದರ ಎದುರಿಗೂ 'ರೆಸ್' (ರ‍್ಯಾಮಿನಲ್ಲಿ ಕೂತಿರುವ ಪಾಲು) ಕಾಲಂನಲ್ಲಿ 1.8 ಜಿಬಿ. ಕೂಡಿದರೆ 21 ಜಿಬಿ ದಾಟುತ್ತದೆ! 'ಫ್ರೀ' ಕಮಾಂಡಿನಲ್ಲಿ ಖಾಲಿ ಉಳಿದಿರುವುದು ಬರೀ 190 ಎಂಬಿ. ಕಾರ್ಯದರ್ಶಿಗಳು ಇನ್ನೂ 8 ಜಿಬಿ ಹಾಕಿಸೋಣ ಅನ್ನುತ್ತಿದ್ದಾರೆ. ಏನು ಹೇಳಲಿ ಸರ್?
— ಒಬ್ಬ ಓದುಗ, ಶಿರಸಿ

ಉತ್ತರ: ಸದ್ಯಕ್ಕೆ ದುಡ್ಡು ಬಿಚ್ಚಬೇಡಿ ಅನ್ನಿ. ನಿಮ್ಮ ಲೆಕ್ಕ ತಪ್ಪಿಲ್ಲ, ಕೂಡಿದ್ದೇ ತಪ್ಪು.

ನಾನು ಬೆಳೆದದ್ದು ಮೈಸೂರಿನ ಒಂದು ವಠಾರದಲ್ಲಿ. ಎಂಟು ಮನೆ, ಹಿತ್ತಲಲ್ಲಿ ಒಂದು ಬಾವಿ. ಜನಗಣತಿಗೆ ಬಂದ ಮೇಷ್ಟ್ರು 'ನೀರಿಗೇನು ಮಾಡ್ತೀರಿ?' ಎಂದರೆ ಎಂಟೂ ಮನೆಯವರು 'ಬಾವಿ ಇದೆಯಲ್ಲ' ಎನ್ನುತ್ತಿದ್ದರು. ಯಾರೂ ಸುಳ್ಳು ಹೇಳಲಿಲ್ಲ. ಆದರೆ ಮೇಷ್ಟ್ರು ಎಂಟು ಬಾವಿ ಅಂತ ಬರೆದುಕೊಂಡಿದ್ದರೆ?

'ರೆಸ್' ಮಾಡುವುದು ಅದನ್ನೇ. ಪೋಸ್ಟ್‌ಗ್ರೆಸ್ ಶುರುವಾದಾಗಲೇ 'ಶೇರ್ಡ್ ಬಫರ್ಸ್' ಎಂದು ಒಂದು ಜಾಗ ತೆಗೆದಿಡುತ್ತದೆ. ನಿಮ್ಮಲ್ಲಿ ಅದನ್ನು 2 ಜಿಬಿಗೆ ಇಟ್ಟಿರಬೇಕು. ಪ್ರತಿ ಕನೆಕ್ಷನ್ನಿಗೂ ಒಂದು ಪ್ರೋಸೆಸ್ ಹುಟ್ಟಿ, ಎಲ್ಲವೂ ಆ ಒಂದೇ ಬಾವಿಯಿಂದ ಸೇದುತ್ತವೆ. ತಾನು ಮುಟ್ಟಿದ ಪುಟಗಳನ್ನೆಲ್ಲ (ಮೆಮೊರಿಯ ಸಣ್ಣ ಸಣ್ಣ ತುಂಡುಗಳಿಗೆ ಹಾಗೆನ್ನುತ್ತಾರೆ) ಪ್ರತಿಯೊಂದೂ ತನ್ನ ಲೆಕ್ಕಕ್ಕೆ ಪೂರ್ತಿಯಾಗಿ ಬರೆದುಕೊಳ್ಳುತ್ತದೆ. ಪಕ್ಕದಲ್ಲಿರುವ 'ವರ್ಟ್' ಕಾಲಂ ಇನ್ನೂ ದೊಡ್ಡದು. ಅದು ಪ್ರೋಸೆಸ್ ತನ್ನ ಹೆಸರಿಗೆ ಗುರುತಿಸಿಟ್ಟುಕೊಂಡ ಜಾಗವೆಲ್ಲ; ಮದುವೆಗೆ ಹಂಚಿದ ಕರೆಯೋಲೆಯ ಲೆಕ್ಕ, ಎಲೆ ಮುಂದೆ ಕೂತವರದ್ದಲ್ಲ. ನೋಡಿ ಹೆದರಬೇಡಿ.

ಹಂಚಿ ಬರೆಯುವ ಲೆಕ್ಕವೂ ಇದೆ. ಅದರ ಹೆಸರು ಪಿಎಸ್‌ಎಸ್. ಒಂದು ಪುಟವನ್ನು 12 ಪ್ರೋಸೆಸ್‌ಗಳು ಬಳಸುತ್ತಿದ್ದರೆ ಒಂದೊಂದಕ್ಕೂ ಹನ್ನೆರಡನೇ ಒಂದು ಪಾಲು ಮಾತ್ರ. 'ಪ್ರಾಕ್' ಫೋಲ್ಡರಿನಲ್ಲಿ ಆಯಾ ಪ್ರೋಸೆಸ್ ನಂಬರಿನೊಳಗೆ 'ಸ್ಮ್ಯಾಪ್ಸ್_ರೋಲಪ್' ಎಂಬ ಫೈಲ್ ಇರುತ್ತದೆ (ಲಿನಕ್ಸಿನ ತಿರುಳಾದ ಕರ್ನಲ್ 4.14 ಅಥವಾ ಆಮೇಲಿನದು ಬೇಕು), ರೂಟ್ ಆಗಿ ತೆರೆಯಿರಿ. ನಿಮ್ಮ ಲೆಕ್ಕದಲ್ಲಿ ಸ್ವಂತದ್ದು ತಲಾ 15 ಎಂಬಿ ಎಂದಿಟ್ಟುಕೊಂಡರೆ ಪಿಎಸ್‌ಎಸ್ ಸುಮಾರು 165 ಎಂಬಿ ತೋರಿಸೀತು. ಹನ್ನೆರಡೂ ಸೇರಿ 2 ಜಿಬಿ ಆಸುಪಾಸು. ಎಲ್ಲಿಯ 21, ಎಲ್ಲಿಯ 2!

ಒಂದು ಕನೆಕ್ಷನ್ ಕೊಂದರೆ ಎಷ್ಟು ವಾಪಸ್ ಬರುತ್ತದೆ? ಆ 15 ಎಂಬಿ ಮಾತ್ರ. ಒಂದು ಮನೆಯವರು ವಠಾರ ಬಿಟ್ಟರೆ ಬಾವಿಯನ್ನು ಹೊತ್ತುಕೊಂಡು ಹೋಗುವುದಿಲ್ಲವಲ್ಲ.

ಇನ್ನು ಆ 190 ಎಂಬಿ. ನಾನೂ ಅದಕ್ಕೆ ಬಲಿಯಾದವನೇ. ಒಂದು ಕಚೇರಿಯಲ್ಲಿದ್ದಾಗ ಖಾಲಿ ಮೆಮೊರಿ ಇಷ್ಟೇ ಉಳಿದದ್ದು ಕಂಡು ಗಾಬರಿಯಾಗಿ ಬೆಳಿಗ್ಗೆ ಹತ್ತಕ್ಕೆ ಸರ್ವರನ್ನೇ ರೀಸ್ಟಾರ್ಟ್ ಮಾಡಿದೆ. ಫ್ರೀ ಕಾಲಂ ತುಂಬಿ ತುಳುಕಿತು, ಮುಖ ಅರಳಿತು. ಆಮೇಲೆ ನೋಡಿ, ಹಿಂದಿನ ದಿನ ಚಿಟಿಕೆ ಹೊಡೆಯುವಷ್ಟರಲ್ಲಿ ಬರುತ್ತಿದ್ದ ರಿಪೋರ್ಟು ಮಧ್ಯಾಹ್ನದವರೆಗೂ ತೆವಳಿತು. ಡಿಸ್ಕಿನಿಂದ ಓದಿ ಕರ್ನಲ್ ಜೋಪಾನವಾಗಿಟ್ಟಿದ್ದ ಕ್ಯಾಶ್ ಎಲ್ಲವನ್ನೂ ನಾನೇ ಚೆಲ್ಲಿಬಿಟ್ಟಿದ್ದೆ. ಅಕೌಂಟ್ಸ್ ವಿಭಾಗದ ಮೇಡಂ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ನೀವು ನೋಡಬೇಕಾದ್ದು 'ಅವೈಲಬಲ್' ಕಾಲಂ. ಕ್ಯಾಶ್‌ನಿಂದ ಬಿಡಿಸಿಕೊಳ್ಳಬಹುದಾದದ್ದನ್ನೂ ಸೇರಿಸಿ ಕರ್ನಲ್ ಅಂದಾಜು ಮಾಡುವ ಸಂಖ್ಯೆ ಅದು. ಜೊತೆಗೆ 'ವಿಎಂಸ್ಟ್ಯಾಟ್ 5' ಓಡಿಸಿ ಎಸ್‌ಐ, ಎಸ್‌ಓ ಕಾಲಂಗಳ ಮೇಲೆ ಕಣ್ಣಿಡಿ. ರ‍್ಯಾಮ್ ಸಾಲದಾದಾಗ ಪುಟಗಳನ್ನು ಸಾಗಹಾಕುವ ಡಿಸ್ಕಿನ ಜಾಗ ಸ್ವಾಪ್; ಅಲ್ಲಿಂದ ಒಳಬಂದದ್ದು ಎಸ್‌ಐ, ಅಲ್ಲಿಗೆ ಹೊರಹೋದದ್ದು ಎಸ್‌ಓ. ಸ್ವಾಪ್‌ಗೆ ಹೋದ ಪುಟಗಳು 'ರೆಸ್'ನಲ್ಲಿ ಕಾಣುವುದೇ ಇಲ್ಲ, ಹಾಗಾಗಿ ನಿಜವಾಗಿ ನರಳುತ್ತಿರುವ ಪ್ರೋಸೆಸ್ ಟಾಪ್‌ನಲ್ಲಿ ಸಣ್ಣಗೆ, ಪಾಪದ ಹಾಗೆ ಕೂತಿರಬಹುದು.

ಅಡಿಕೆ ವ್ಯಾಪಾರ ಜೋರಿರುವ ದಿನ, ಹನ್ನೆರಡೂ ಕೌಂಟರಿನವರು ಬಿಲ್ ಹಾಕುವ ಹೊತ್ತಿಗೆ ಇವೆರಡನ್ನೂ ನೋಡಿ. ಅವೈಲಬಲ್ 2 ಜಿಬಿಗಿಂತ ಕೆಳಗಿಳಿಯದೆ, ಎಸ್‌ಐ ಎಸ್‌ಓ ಸೊನ್ನೆಯಲ್ಲೇ ನಿಂತರೆ ರ‍್ಯಾಮ್ ದುಡ್ಡಲ್ಲಿ ಯುಪಿಎಸ್ ಬ್ಯಾಟರಿ ಬದಲಾಯಿಸಿ ಎಂದು ಕಾರ್ಯದರ್ಶಿಗಳಿಗೆ ಹೇಳಿ. ನಿಮ್ಮ ಕಡೆಯ ಮಳೆಗಾಲದ ಕರೆಂಟು ನನಗೂ ಗೊತ್ತು.