ಲಾಕ್‌ಡೌನ್ ಮುಗಿಯೋ ತನಕ ಹೊಡೆತ ತಡ್ಕೊಂಡು ಇರಲಾ? ಈಗ ಯಾವ ಆಫೀಸೂ ತೆರೆದಿಲ್ಲವಲ್ಲ

ತಂಗಿ, ಗಂಡ ಹೊಡೀತಾರೆ, 2021ರ ಈ ಲಾಕ್‌ಡೌನ್ ಮುಗಿಯೋ ತನಕ ತಡ್ಕೊಂಡಿರಲಾ ಅಂತ ಕೇಳಿ, "ಕೆಲಸ ಹೋದ ಮೇಲೆ ಹಿಂಗಾದ್ರು, ಎಲ್ಲಾ ಶುರುವಾದರೆ ಸರಿಹೋಗಬಹುದು" ಅಂತಲೂ ಬರೆದಿದ್ದೀರಲ್ಲ, ಅದನ್ನು ಓದಿ ಕೈ ನಡುಗಿತು. ಹೋದ ವರ್ಷ ಇದೇ ಮಾತನ್ನು ನಾನು ನಮ್ಮವ್ವಗೆ ಫೋನಿನಲ್ಲಿ ಹೇಳಿದ್ದೆ.

ನಮ್ಮದು ಗದಗ-ಬೆಟಗೇರಿ. ಮನೆಯಲ್ಲೇ ಮಗ್ಗ. 2020ರ ಮಾರ್ಚ್ 25ಕ್ಕೆ ಎಲ್ಲ ಬಂದ್ ಆದಾಗ ನೂಲು ಬರೋದು ನಿಂತಿತು, ನೇಯ್ದ ಸೀರೆ ಒಯ್ಯೋರೂ ಇಲ್ಲ. ನನ್ನ ಗಂಡ ಮೊದಲೂ ಕೈ ಎತ್ತುತ್ತಿದ್ದ, ಕುಡಿದಾಗ. "ಸೆರೆ ಒಂದು ಬಿಟ್ಟರ ದೇವರಂಥಾ ಮನಶ್ಯಾ" ಅಂತ ಓಣಿಯವರೆಲ್ಲ ಅನ್ನೋರು, ನಾನೂ ನಂಬಿದ್ದೆ. ಸೆರೆ ಅಂಗಡಿ ಬಾಗಿಲು ಮತ್ತೆ ತೆರೆದದ್ದು ಮೇ 4ಕ್ಕೆ. ಆ ನಲವತ್ತು ದಿನ ಅವನ ಬಾಯಿಗೆ ಒಂದು ತೊಟ್ಟು ಬಿದ್ದಿಲ್ಲ. ನನಗೆ ಅತಿ ಹೆಚ್ಚು ಹೊಡೆತ ಬಿದ್ದದ್ದು ಅದೇ ನಲವತ್ತು ದಿನದಲ್ಲಿ. ಹಾಗಾಗಿ ಕೆಲಸ ಹೋಯಿತು, ತಲೆ ಕೆಟ್ಟಿತು ಅನ್ನೋ ಲೆಕ್ಕ ನನ್ನ ಹತ್ತಿರ ನಡೆಯೋದಿಲ್ಲ. ನಮ್ಮ ಓಣಿಯಲ್ಲಿ ಎಲ್ಲರ ಮಗ್ಗವೂ ನಿಂತಿತ್ತು.

ಏಪ್ರಿಲ್‌ನಲ್ಲಿ ಹೆಣ್ಣುಮಕ್ಕಳ ಜನಧನ ಖಾತೆಗೆ 500 ರೂಪಾಯಿ ಬಂತು ನೋಡ್ರಿ, ಅದನ್ನು ತೆಗೆಸಿಕೊಂಡು ಬಂದು ಮಗನ ಹಾಲಿಗೆ ಅಂತ ಜೋಳದ ಡಬ್ಬಿಯೊಳಗೆ ಹುಗಿಸಿಟ್ಟಿದ್ದೆ. ಕೇಳಿದ, ಕೊಡಲಿಲ್ಲ. ಮಗ್ಗದ ಮೇಲಿದ್ದ ಲಾಳಿ ತಗೊಂಡು ಎಡಗೈ ಮಣಿಕಟ್ಟಿಗೆ ಹೊಡೆದ. ಲಾಳಿಯ ಎರಡೂ ತುದಿಗೆ ಲೋಹದ ಮೊನೆ ಇರುತ್ತದೆ. ಬೆಳಗಾಗುವಷ್ಟರಲ್ಲಿ ಬಳೆ ಕತ್ತರಿಸಿ ತೆಗೆಯಬೇಕಾಯಿತು, ಅಷ್ಟು ಬಾತಿತ್ತು.

ಈಗ ನನ್ನ ತಪ್ಪು ಹೇಳ್ತೀನಿ, ಇದನ್ನು ಸಾವಕಾಶ ಓದ್ರಿ. ದವಾಖಾನೆಗೆ ಅತ್ತಿ ಜೊತೆಗೆ ಬಂದಿದ್ದರು. ಕೊರೊನಾ ಕಾಲ, ಪೇಷಂಟ್ ಒಬ್ಬರೇ ಒಳಗೆ ಅಂತ ಅವರನ್ನು ಬಾಗಿಲಲ್ಲೇ ನಿಲ್ಲಿಸಿದರು. ಒಳಗೆ ನಾನು, ಡಾಕ್ಟರಮ್ಮ, ಒಬ್ಬ ನರ್ಸ್, ಅಷ್ಟೇ. ಎಷ್ಟೋ ವಾರಗಳ ಮೇಲೆ ಆ ಮನೆಯವರ್‍ಯಾರೂ ಇಲ್ಲದ ಜಾಗದಲ್ಲಿ ನಿಂತಿದ್ದೆ. "ಹೆಂಗ ಪೆಟ್ಟಾತವಾ?" ಅಂದರು. "ಬಚ್ಚಲದಾಗ ಜಾರಿ ಬಿದ್ದೆರಿ" ಅಂದೆ. ಅವರು ಪೆನ್ನು ಕೆಳಗಿಟ್ಟು ನನ್ನ ಮುಖ ನೋಡಿದರು. "ಖರೇ ಹೇಳು, ಬಿದ್ದದ್ದೋ ಹೊಡದದ್ದೋ?" ಎರಡನೇ ಸಲ ಕೇಳಿದರು. ಎರಡನೇ ಸಲವೂ ಬಿದ್ದೆ ಅಂದೆ. ಚೀಟಿ ಮೇಲೆ ಬರೆದರು: ಸ್ಲಿಪ್ ಅಂಡ್ ಫಾಲ್ ಇನ್ ಬಾತ್‌ರೂಮ್.

ಗಂಡ ಹೊಡೆದ ಅಂದಿದ್ದರೆ ಅವರು ಎಂಎಲ್‌ಸಿ, ಅಂದರೆ ಪೊಲೀಸ್ ಕೇಸಿಗೆ ಆಗುವ ಗಾಯದ ದಾಖಲೆ, ಮಾಡುತ್ತಿದ್ದರು. ಗಾಯ ಎಲ್ಲಿ, ಎಷ್ಟು ಹಳೆಯದು, ಯಾವುದರಿಂದ ಆದದ್ದು ಅಂತ ದಾಖಲೆಯಾಗುತ್ತಿತ್ತು, ಪೊಲೀಸರಿಗೆ ಸುದ್ದಿ ತಾನಾಗಿ ಹೋಗುತ್ತಿತ್ತು. ನಾನು ಸ್ಟೇಷನ್ ಮೆಟ್ಟಿಲು ಹತ್ತುವ ಕೆಲಸವೇ ಇರಲಿಲ್ಲ. ನಾನು ಮಾಡಿದ್ದು ಅದರ ಉಲ್ಟಾ: ಅವನ ಪರವಾಗಿ ಸರ್ಕಾರಿ ಸಿಕ್ಕಾ ಹಾಕಿದ ಸಾಕ್ಷಿ ತಯಾರು ಮಾಡಿ ಕೊಟ್ಟೆ. ಆ ಚೀಟಿಯನ್ನು ಅತ್ತಿ ಜೋಪಾನವಾಗಿ ಇಟ್ಟುಕೊಂಡಿದ್ದರು. ನವೆಂಬರ್‌ನಲ್ಲಿ, ಕೋರ್ಟಿಗೆ ಹಾಕಿದ್ದ ನನ್ನ ಅರ್ಜಿ ವಿಚಾರಣೆಗೆ ಬಂದಾಗ ಅವನ ವಕೀಲರು ಮೊದಲು ತೆಗೆದದ್ದು ಅದನ್ನೇ. "ಇದು ನೀವೇ ಹೇಳಿ ಬರೆಸಿದ್ದು ಹೌದೋ ಅಲ್ಲೋ?" ಹೌದು ಅಂದೆ. ಮತ್ತೇನು ಹೇಳಲಿ. ತಿಂಗಳ ಖರ್ಚಿನ ಆದೇಶ ಆಮೇಲೆ ಬಂತು, ಪಕ್ಕದ ಮನೆ ಅಕ್ಕ ಬಂದು ಕಣ್ಣಾರೆ ಕಂಡದ್ದು ಹೇಳಿದ ಮೇಲೆ. ಅಲ್ಲಿಯ ತನಕ ಮೂರು ತಿಂಗಳು ತವರಿನ ಅಕ್ಕಿ ಉಂಡೆ. ಎಡಗೈ ಇನ್ನೂ ಪೂರಾ ಮಡಚೋದಿಲ್ಲ, ರೊಟ್ಟಿ ಬಡಿಯುವಾಗ ದಿನಾ ಆ ಚೀಟಿ ನೆನಪಾಗುತ್ತದೆ.

ಯಾವ ಆಫೀಸೂ ತೆರೆದಿಲ್ಲ ಅಂತೀರಿ. ದವಾಖಾನೆ ಯಾವತ್ತು ಮುಚ್ಚಿತ್ತು? ಪೊಲೀಸ್ ಸ್ಟೇಷನ್ ಯಾವತ್ತು ಮುಚ್ಚಿತ್ತು? ನಾನು ಹೆಣ್ಣುಮಕ್ಕಳ ಸಹಾಯವಾಣಿ 181ಕ್ಕೆ ಫೋನ್ ಮಾಡಿದ್ದು ಹಿಟ್ಟಿನ ಗಿರಣಿಯಿಂದ, ಗಿರಣಿಯವರ ಹೆಂಡತಿಯ ಫೋನಿನಲ್ಲಿ, ಯಂತ್ರದ ಸದ್ದಿನ ಮರೆಯಲ್ಲಿ ನಿಂತು. ಆ ಕಡೆಯವರು ಮೊದಲು ಕೇಳಿದ್ದು "ಈಗ ಮಾತಾಡೋಕೆ ಆಗುತ್ತಾ?" ಅಂತ. ನಮ್ಮ ಕಡೆ ಸಿಡಿಪಿಓ (ಶಿಶು ಅಭಿವೃದ್ಧಿ ಯೋಜನಾಧಿಕಾರಿ) ಅವರೇ ಸಂರಕ್ಷಣಾಧಿಕಾರಿ, ಅಂದರೆ ಮನೆಯೊಳಗೆ ಹೊಡೆತ ತಿನ್ನೋ ಹೆಣ್ಣುಮಕ್ಕಳ ದೂರು ನೋಡೋ ಅಧಿಕಾರಿ. ಅವರು ಕೌಟುಂಬಿಕ ಹಿಂಸೆಯ ವರದಿ ಬರೆದು ಮ್ಯಾಜಿಸ್ಟ್ರೇಟರಿಗೆ ಕಳಿಸುತ್ತಾರೆ. ವಕೀಲರ ಫೀಸಿಗೆ ಅಂಜಬೇಡಿ, ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರನ್ನು ಕೊಡುತ್ತಾರೆ. ಮನೆ ಅತ್ತಿಯ ಹೆಸರಲ್ಲಿದೆ, ಹೊರಗೆ ಹಾಕ್ತಾರೆ ಅಂತಲೂ ಬರೆದಿದ್ದೀರಿ. ನಮ್ಮದೂ ಅತ್ತಿಯ ಹೆಸರಲ್ಲೇ ಇತ್ತು. ನೀವು ಸಂಸಾರ ಮಾಡಿದ ಮನೆ ಗಂಡನ ಬಂಧುಗಳ ಹೆಸರಲ್ಲಿದ್ದರೂ ಅಲ್ಲಿ ಇರುವ ಹಕ್ಕು ಕೇಳಬಹುದು ಅಂತ 2020ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ಹಿರಿಯರನ್ನು ಕೂಡಿಸಿ ಬುದ್ಧಿ ಹೇಳಿಸೋದು ಬೇಡ. ನಮ್ಮಲ್ಲಿ ಎರಡು ಸಲ ಕೂಡಿಸಿದರು, ಎರಡೂ ಸಲ ಚಹಾ ಮಾಡಿದ್ದು ನಾನೇ, ಅವರು ಹೋದ ರಾತ್ರಿ ಹೊಡೆತ ತಿಂದದ್ದೂ ನಾನೇ.

ಕಿವಿ ಹತ್ತಿರ ಏಟಾಗಿ ಎರಡು ದಿನ ಆಯಿತು ಅಂತ ಬರೆದಿದ್ದೀರಿ. ನಾಳೆ ಕಾಯಬೇಡಿ, ಇವತ್ತೇ ಸರ್ಕಾರಿ ದವಾಖಾನೆಗೆ ಹೋಗ್ರಿ. ಯಾರಾದರೂ ಜೊತೆಗೆ ಬಂದರೆ ಬರಲಿ, ಒಳಗೆ ಮಾತ್ರ ನೀವೊಬ್ಬರೇ ಹೋಗ್ರಿ. ಹೆಂಗಾತು ಅಂತ ಕೇಳುತ್ತಾರೆ. ಗಂಡ ಹೊಡೆದ ಅಂತ ಹೇಳ್ರಿ, ಅವರು ಬರೆಯೋದನ್ನು ನೋಡ್ರಿ, ನಕಲು ಇಸಿದುಕೊಂಡು ತವರಿಗೆ ಫೋಟೋ ಕಳಿಸಿ ಆಮೇಲೆ ಹೊರಗೆ ಬರ್‍ರಿ. ರಾತ್ರಿ ಜೀವಕ್ಕೇ ಬಂದರೆ ಪೊಲೀಸರ ತುರ್ತು ನಂಬರ್ 112ಕ್ಕೆ ಫೋನ್ ಮಾಡ್ರಿ.