ಪ್ರಶ್ನೋತ್ತರ: ಕಾರು ಬಡಿದ ಮೇಲೆ ಸೈಕಲ್ ಸವಾರರು ಗಮನಿಸಬೇಕಾದದ್ದು

ಸೈಕಲ್‌ನಲ್ಲಿ ಕೆಲಸಕ್ಕೆ ಹೋಗಿಬರುವವರ ಅಪಘಾತಗಳ ಬಗ್ಗೆ ಬಂದ ಪತ್ರಗಳಲ್ಲಿ ನಾಲ್ಕನ್ನು ಈ ಸಂಚಿಕೆಗೆ ಆರಿಸಿಕೊಂಡಿದ್ದೇವೆ. ಕೇಳಿದವರ ಇಚ್ಛೆಯಂತೆ ಹೆಸರುಗಳನ್ನು ಕೈಬಿಟ್ಟಿದ್ದೇವೆ.

ಪ್ರಶ್ನೆ: ನನಗೆ 38 ವರ್ಷ. ದಿನವೂ ಸೈಕಲ್‌ನಲ್ಲೇ ಕಚೇರಿಗೆ ಹೋಗುತ್ತೇನೆ. ಕಳೆದ ವಾರ ಬೆಳಿಗ್ಗೆ ರಸ್ತೆಯ ಅಂಚಿನಲ್ಲಿ ನೇರವಾಗಿ ಹೋಗುತ್ತಿದ್ದಾಗ, ನನ್ನನ್ನು ಹಿಂದಿಕ್ಕಿದ ಕಾರೊಂದು ತಕ್ಷಣವೇ ನನ್ನೆದುರಿಗೆ ಅಡ್ಡರಸ್ತೆಗೆ ತಿರುಗಿತು. ಬ್ರೇಕ್ ಹಿಡಿದರೂ ನಿಲ್ಲಲಾಗದೆ ಕಾರಿನ ಹಿಂಬಾಗಿಲಿಗೆ ಬಡಿದು, ಅಂಗೈಯೂರಿ ಬಿದ್ದೆ. ಚಾಲಕರು ಇಳಿದು ಬಂದು ವಿಚಾರಿಸಿದರು. ಜನ ಸೇರಿದ್ದರಿಂದ ಸಂಕೋಚವಾಗಿ “ನನಗೇನೂ ಆಗಿಲ್ಲ” ಎಂದು ಹೇಳಿ, ಅವರ ಫೋನ್ ನಂಬರ್ ಮಾತ್ರ ಪಡೆದು ಕಳುಹಿಸಿಬಿಟ್ಟೆ. ಮರುದಿನದಿಂದ ಬಲ ಮಣಿಕಟ್ಟು ನೋಯುತ್ತಿದೆ, ಬಾಟಲಿಯ ಮುಚ್ಚಳ ತಿರುಗಿಸಲೂ ಆಗುತ್ತಿಲ್ಲ. ಎಕ್ಸ್‌ರೇಯಲ್ಲಿ ಮುರಿತ ಕಾಣಿಸಲಿಲ್ಲ. ಸಂಜೆಯ ಹೊತ್ತಿಗೆ ತಲೆ ಭಾರವಾಗುತ್ತದೆ, ಕಂಪ್ಯೂಟರ್ ಪರದೆ ನೋಡಿದರೆ ಹೆಚ್ಚುತ್ತದೆ. ಚಾಲಕರಿಗೆ ಫೋನ್ ಮಾಡಿದರೆ “ಅವತ್ತು ನೀವೇ ಏನೂ ಆಗಿಲ್ಲ ಅಂದಿರಲ್ಲ” ಎನ್ನುತ್ತಾರೆ. ನಾನೀಗ ಏನು ಮಾಡಬೇಕು?

ಉತ್ತರ: ಮೊದಲು ಮಣಿಕಟ್ಟನ್ನು ನೋಡೋಣ, ಏಕೆಂದರೆ ತಡವಾದರೆ ಸರಿಪಡಿಸುವುದು ಕಷ್ಟವಾಗುವ ಪೆಟ್ಟು ಅಲ್ಲಿರಬಹುದು. ಬಲಗೈಯ ಹೆಬ್ಬೆರಳನ್ನು ಮೇಲಕ್ಕೆ ಸೆಟೆದು ಹಿಡಿದರೆ ಅದರ ಬುಡದಲ್ಲಿ ಎರಡು ನರಗಳಂತೆ ಕಾಣುವ ಸ್ನಾಯುರಜ್ಜುಗಳ ನಡುವೆ ಒಂದು ಸಣ್ಣ ಗುಳಿ ಮೂಡುತ್ತದೆ. ಎಡಗೈಯ ಬೆರಳಿನಿಂದ ಆ ಗುಳಿಯನ್ನು ಮೆಲ್ಲಗೆ ಒತ್ತಿದಾಗ ಚುಚ್ಚಿದಂತೆ ನೋವಾದರೆ ಸ್ಕ್ಯಾಫಾಯ್ಡ್ ಎಂಬ ಪುಟ್ಟ ಮೂಳೆ ಬಿರುಕು ಬಿಟ್ಟಿರುವ ಸಂಶಯಪಡಬೇಕು. ಅಂಗೈಯೂರಿ ಬಿದ್ದವರಲ್ಲಿ ಈ ಮೂಳೆ ಮುರಿಯುವುದು ತೀರಾ ಸಾಮಾನ್ಯ. ಮುರಿದರೂ ಮೊದಲ ಎಕ್ಸ್‌ರೇಯಲ್ಲಿ ಕಾಣಿಸದಿರುವುದೂ ಅಷ್ಟೇ ಸಾಮಾನ್ಯ. ಆದ್ದರಿಂದ ನಿಮ್ಮ ಎಕ್ಸ್‌ರೇ ಸರಿಯಿದೆ ಎಂಬ ವರದಿಯನ್ನು ಕೊನೆಯ ಮಾತೆಂದು ತಿಳಿಯಬೇಡಿ. ಸಂಶಯವಿದ್ದಾಗ ಮೂಳೆ ವೈದ್ಯರು ಹೆಬ್ಬೆರಳನ್ನೂ ಸೇರಿಸಿ ಕೈಗೆ ಪಟ್ಟಿ ಹಾಕಿ, 10ರಿಂದ 14 ದಿನಗಳ ನಂತರ ಮತ್ತೊಮ್ಮೆ ಎಕ್ಸ್‌ರೇ ತೆಗೆಸುತ್ತಾರೆ, ಇಲ್ಲವೇ ನೇರವಾಗಿ ಎಂಆರ್‌ಐ ಮಾಡಿಸುತ್ತಾರೆ. ಈ ಮೂಳೆಗೆ ರಕ್ತ ಬರುವುದು ಬೆರಳುಗಳ ಕಡೆಯ ತುದಿಯಿಂದ. ಹೀಗಾಗಿ ನಡುವೆ ಮುರಿದರೆ ಮುಂಗೈ ಕಡೆಯ ತುಂಡಿಗೆ ರಕ್ತ ತಲುಪದೆ, ಮೂಳೆ ಕೂಡಿಕೊಳ್ಳದೇ ಉಳಿಯಬಹುದು, ವರ್ಷಗಳ ನಂತರ ಕೀಲು ಸವೆದು ಕಾಡಬಹುದು. ಉಳುಕು ಎಂದುಕೊಂಡು ಎಣ್ಣೆ ಹಚ್ಚಿ ತಿಕ್ಕಿಸಿಕೊಳ್ಳುವುದನ್ನು ದಯವಿಟ್ಟು ಮಾಡಬೇಡಿ.

ತಲೆಯ ವಿಷಯಕ್ಕೆ ಬರುವುದಾದರೆ, ನೀವು ಹೇಳಿದ ಲಕ್ಷಣಗಳು ಕನ್ಕಷನ್ ಎನ್ನುವ, ಮಿದುಳು ಕುಲುಕಿದ್ದರಿಂದ ಆಗುವ ಪೆಟ್ಟಿಗೆ ಹೊಂದುತ್ತವೆ. ಪ್ರಜ್ಞೆ ತಪ್ಪದಿದ್ದರೂ, ತಲೆ ನೆಲಕ್ಕೆ ಬಡಿಯದೆ ಬರೀ ಜೋರಾಗಿ ಕುಲುಕಿದ್ದರೂ ಇದು ಆಗಬಹುದು. ಸ್ಕ್ಯಾನ್‌ನಲ್ಲಿ ಇದು ಸಾಮಾನ್ಯವಾಗಿ ಕಾಣಿಸುವುದಿಲ್ಲ. ಮೊದಲ ಒಂದೆರಡು ದಿನ ವಿಶ್ರಾಂತಿ ಬೇಕು. ಆದರೆ ಹಿಂದೆ ಹೇಳುತ್ತಿದ್ದಂತೆ ವಾರಗಟ್ಟಲೆ ಕತ್ತಲೆ ಕೋಣೆಯಲ್ಲಿ ಮಲಗಬೇಕಿಲ್ಲ. ನಡಿಗೆಯಿಂದ ಆರಂಭಿಸಿ, ಲಕ್ಷಣಗಳು ಹೆಚ್ಚದಷ್ಟು ಮಟ್ಟಿಗೆ ಕೆಲಸಗಳನ್ನು ಹಂತಹಂತವಾಗಿ ಹೆಚ್ಚಿಸಿಕೊಳ್ಳಬೇಕು ಎಂಬುದು ಈಗಿನ ವೈದ್ಯಕೀಯ ಸಲಹೆ. ತಲೆಭಾರ ಪೂರ್ತಿ ಹೋಗುವವರೆಗೆ ರಸ್ತೆಯಲ್ಲಿ ಸೈಕಲ್ ಹತ್ತಬೇಡಿ, ಏಕೆಂದರೆ ಆ ಸ್ಥಿತಿಯಲ್ಲಿ ಸಮತೋಲನವೂ ಎಚ್ಚರವೂ ಮಂದವಾಗಿರುತ್ತವೆ ಮತ್ತು ಎರಡನೆಯ ಪೆಟ್ಟು ಮೊದಲನೆಯದಕ್ಕಿಂತ ಹೆಚ್ಚು ಕೆಡುಕು ಮಾಡಬಲ್ಲದು. ಮೇಲಿಂದ ಮೇಲೆ ವಾಂತಿ, ಏರುತ್ತಲೇ ಹೋಗುವ ತಲೆನೋವು, ಎಬ್ಬಿಸಿದರೂ ಏಳದಂಥ ನಿದ್ದೆ, ಮಾತು ತೊದಲುವುದು, ಕೈಕಾಲಿನ ಬಲಹೀನತೆ, ಮೂಗು ಅಥವಾ ಕಿವಿಯಿಂದ ತಿಳಿನೀರು, ಇವುಗಳಲ್ಲಿ ಒಂದು ಕಂಡರೂ ರಾತ್ರಿಯೆನ್ನದೆ ತುರ್ತು ಚಿಕಿತ್ಸೆಗೆ ಹೋಗಬೇಕು. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರು ಮತ್ತು ವಯಸ್ಸಾದವರು ವಾರಗಳವರೆಗೂ ಎಚ್ಚರದಿಂದಿರಬೇಕು. ಅವರಲ್ಲಿ ತಲೆಬುರುಡೆಯೊಳಗೆ ರಕ್ತ ನಿಧಾನವಾಗಿ ಸೇರಿಕೊಂಡು ತಡವಾಗಿ ತೊಂದರೆ ಕೊಡುವುದುಂಟು. ಬೀಳುವಾಗ ಹ್ಯಾಂಡಲ್‌ನ ತುದಿ ಹೊಟ್ಟೆಗೆ ಒತ್ತಿದ್ದು ನೆನಪಿದ್ದರೆ ಅದನ್ನೂ ವೈದ್ಯರಿಗೆ ಹೇಳಿ. ಹೊರಗೆ ಸಣ್ಣ ಕಂದು ಗುರುತಷ್ಟೇ ಇದ್ದು ಒಳಗೆ ಗುಲ್ಮಕ್ಕೋ ಮೇದೋಜ್ಜೀರಕ ಗ್ರಂಥಿಗೋ ಪೆಟ್ಟಾಗಿರುವ ಸಾಧ್ಯತೆ ಇರುತ್ತದೆ.

ಇನ್ನು “ಏನೂ ಆಗಿಲ್ಲ” ಎಂಬ ಮಾತು. ಬಿದ್ದ ಗಳಿಗೆಯಲ್ಲಿ ಮೈಯಲ್ಲಿ ಅಡ್ರಿನಲಿನ್ ಉಕ್ಕಿ ನೋವು ತಿಳಿಯುವುದಿಲ್ಲ. ಅದರ ಮೇಲೆ ನಾಚಿಕೆ ಬೇರೆ. ಆ ಹೊತ್ತಿನಲ್ಲಿ ಮರ್ಯಾದೆಗೆ ಆಡಿದ ಮಾತು ವೈದ್ಯಕೀಯ ಪ್ರಮಾಣಪತ್ರವಲ್ಲ, ಹಕ್ಕು ಬಿಟ್ಟುಕೊಟ್ಟ ಪತ್ರವೂ ಅಲ್ಲ. ಆದರೂ ಎದುರು ಪಕ್ಷದವರು ಅದನ್ನೇ ಹಿಡಿದು ಜಗ್ಗುತ್ತಾರೆ ಎಂಬುದನ್ನು ನೀವೀಗಾಗಲೇ ಕಂಡಿದ್ದೀರಿ. ಅದಕ್ಕೆ ಫೋನಿನಲ್ಲಿ ವಾದ ಮಾಡುವುದು ಉತ್ತರವಲ್ಲ, ದಾಖಲೆ ಉತ್ತರ. ಇಂದೇ ಕುಳಿತು ನಡೆದದ್ದನ್ನು ನಿಮ್ಮ ಮಾತಿನಲ್ಲೇ ಬರೆಯಿರಿ: ಸಮಯ, ಬೆಳಕು, ರಸ್ತೆ ಒಣಗಿತ್ತೋ ಒದ್ದೆಯೋ, ಕಾರು ಸೂಚಕ ದೀಪ ಹಾಕಿತ್ತೋ ಇಲ್ಲವೋ. ಒಂದು ಸರಳ ನಕ್ಷೆಯನ್ನೂ ಎಳೆದು ದಿನಾಂಕ ಹಾಕಿ. ಕಾರಿನ ನಂಬರ್ ಗೊತ್ತಿದ್ದರೆ ಬರೆದಿಡಿ. ನೋಡಿದವರಲ್ಲಿ ಒಬ್ಬರಾದರೂ ಪರಿಚಿತರಿದ್ದರೆ ಅವರ ಮಾತನ್ನು ಈಗಲೇ ಬರೆಸಿಕೊಳ್ಳಿ. ಸುತ್ತಮುತ್ತಲ ಕಟ್ಟಡಗಳ ಕ್ಯಾಮೆರಾಗಳಲ್ಲಿ ಹಳೆಯ ದೃಶ್ಯಗಳ ಮೇಲೆ ಹೊಸದು ದಾಖಲಾಗುತ್ತಾ ಹೋಗುವುದರಿಂದ ಅವನ್ನು ಕೇಳುವುದಿದ್ದರೆ ತಡಮಾಡಬೇಡಿ. ನಿಮ್ಮ ಫೋನ್ ಸವಾರಿಯ ದಾರಿ ಮತ್ತು ವೇಗವನ್ನು ದಾಖಲಿಸುತ್ತಿದ್ದರೆ ಅದನ್ನೂ ಉಳಿಸಿಕೊಳ್ಳಿ.

ನಿಮ್ಮ ಪ್ರಕರಣದಲ್ಲಿ ಒಂದು ವಿವರ ಬಹಳ ಮುಖ್ಯವಾದದ್ದು. ಸೈಕಲ್ ಬಡಿದದ್ದು ಕಾರಿನ ಹಿಂಬಾಗಿಲಿಗೆ. “ನೀವೇ ಬಂದು ಗುದ್ದಿದಿರಿ” ಎಂದು ಚಾಲಕರು ಹೇಳಲು ಇದೇ ಆಧಾರವಾಗಬಹುದು; ಆದರೆ ನೇರವಾಗಿ ಸಾಗುವವರ ದಾರಿಗೆ ಅಡ್ಡವಾಗಿ ಕಾರು ತಿರುಗಿದ್ದರಿಂದಲೇ ಅದರ ಪಕ್ಕದ ಭಾಗ ಸೈಕಲ್‌ನ ಎದುರಿಗೆ ಬಂತು ಎಂಬುದನ್ನು ಅದೇ ಗುರುತು ತೋರಿಸುತ್ತದೆ. ಬಾಗಿಲಿನ ತಗ್ಗು, ನಿಮ್ಮ ಮುಂಚಕ್ರದ ಬಾಗು, ರಸ್ತೆಯ ಮೇಲಿನ ಗೀರು ಇವುಗಳ ಚಿತ್ರಗಳನ್ನು ಜೊತೆಯಾಗಿಟ್ಟು ನೋಡಿದಾಗ ಯಾರು ಎಲ್ಲಿದ್ದರು ಎಂಬುದು ಮಾತಿಗಿಂತ ಚೆನ್ನಾಗಿ ತಿಳಿಯುತ್ತದೆ.

ಪೊಲೀಸರಿಗೆ ತಿಳಿಸುವುದು, ಕಾರಿನ ವಿಮಾ ಕಂಪನಿಗೆ ಬರವಣಿಗೆಯಲ್ಲಿ ತಿಳಿಸುವುದು, ಎರಡನ್ನೂ ಈ ವಾರವೇ ಮಾಡಿ. ಗಡುವು ಮತ್ತು ವಿಧಾನ ಆಯಾ ದೇಶದ ಕಾನೂನಿನಂತೆ ಬೇರೆಬೇರೆಯಾದ್ದರಿಂದ ಸ್ಥಳೀಯ ವಕೀಲರನ್ನು ಒಮ್ಮೆ ಕಾಣುವುದು ಒಳ್ಳೆಯದು. ತಪ್ಪಿನ ಹೊಣೆಯನ್ನು ಎಲ್ಲ ದೇಶಗಳೂ ಒಂದೇ ರೀತಿ ಅಳೆಯುವುದಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 14 ವರ್ಷ ತುಂಬಿದ ಸವಾರರಿಗೂ, ಅವರದೇ ಉದ್ದೇಶಪೂರ್ವಕ ದುಡುಕು ಇಲ್ಲದಿದ್ದರೆ, ಮೋಟಾರು ವಾಹನದ ಕಡೆಯವರು ನಷ್ಟದ ಕನಿಷ್ಠ ಅರ್ಧವನ್ನಾದರೂ ಭರಿಸಬೇಕಾಗುತ್ತದೆ. ಬೇರೆ ಅನೇಕ ಕಡೆ ಚಾಲಕರ ತಪ್ಪನ್ನು ಗಾಯಾಳುವೇ ತೋರಿಸಿಕೊಡಬೇಕು. ಎಲ್ಲಿದ್ದರೂ ಒಂದು ಎಚ್ಚರಿಕೆ ಸಲ್ಲುತ್ತದೆ: ಮಣಿಕಟ್ಟಿನ ಎರಡನೆಯ ತಪಾಸಣೆ ಮುಗಿಯುವ ಮೊದಲು “ಇಷ್ಟು ಹಣ ಪಡೆದು ವಿಷಯ ಮುಗಿಸಿದ್ದೇನೆ” ಎಂಬ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಪ್ರಶ್ನೆ: ಇಂಥದ್ದೇ ಅಪಘಾತದಲ್ಲಿ ನನ್ನ ಹೆಲ್ಮೆಟ್ ಮೇಲೆ ಗೀರು ಬಿದ್ದಿದೆಯಷ್ಟೇ. ಸೈಕಲ್ ಕೂಡ ಓಡುತ್ತದೆ. ಎರಡನ್ನೂ ಬಳಸಬಹುದೇ?

ಉತ್ತರ: ಹೆಲ್ಮೆಟ್ ಅನ್ನು ಬಳಸಬೇಡಿ. ಅದರೊಳಗಿರುವುದು ನಾವು ಥರ್ಮೋಕೋಲ್ ಎಂದು ಕರೆಯುವ ವಸ್ತುವೇ, ಕೊಂಚ ಗಟ್ಟಿಯಾಗಿ ಅಚ್ಚು ಹಾಕಿದ್ದು. ಪೆಟ್ಟಿನ ಶಕ್ತಿಯನ್ನು ಅದು ತಾನು ಜಜ್ಜಿಹೋಗುವ ಮೂಲಕ ಹೀರಿಕೊಳ್ಳುತ್ತದೆ. ಒಮ್ಮೆ ಜಜ್ಜಿದ ಜಾಗ ಮತ್ತೆ ಉಬ್ಬುವುದಿಲ್ಲ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಾತ್ರ ಮೊದಲಿನಂತೆಯೇ ಕಾಣುತ್ತಿರುತ್ತದೆ.

ಸೈಕಲ್ ಅನ್ನು ಹತ್ತುವ ಮೊದಲು ಹೀಗೆ ಪರೀಕ್ಷಿಸಿ. ಮುಂಚಕ್ರವನ್ನು ಎತ್ತಿ ತಿರುಗಿಸಿ, ಬ್ರೇಕ್ ಪ್ಯಾಡ್‌ಗಳ ನಡುವೆ ರಿಮ್ ಅತ್ತಿತ್ತ ಓಲಾಡುತ್ತಿದೆಯೇ ನೋಡಿ. ಕಡ್ಡಿಗಳನ್ನು ಎರಡೆರಡಾಗಿ ಹಿಸುಕಿದಾಗ ಯಾವುದಾದರೂ ಸಡಿಲವಾಗಿದ್ದರೆ ಗೊತ್ತಾಗುತ್ತದೆ. ಪಕ್ಕದಿಂದ ನಿಂತು ನೋಡಿದಾಗ ಮುಂಚಕ್ರವನ್ನು ಹಿಡಿದಿರುವ ಫೋರ್ಕ್ ಹಿಂದಕ್ಕೆ ಬಾಗಿದಂತೆ ಕಂಡರೆ, ಅಥವಾ ಹ್ಯಾಂಡಲ್ ಬುಡದ ಬಳಿ ಚೌಕಟ್ಟಿನ ಬಣ್ಣ ಸುಕ್ಕುಗಟ್ಟಿ ಚಕ್ಕೆ ಎದ್ದಿದ್ದರೆ, ಒಳಗೆ ಲೋಹ ಮಣಿದಿದೆ ಎಂದರ್ಥ. ಉಕ್ಕು ಸಾಮಾನ್ಯವಾಗಿ ಬಾಗಿ ಎಚ್ಚರಿಸುತ್ತದೆ. ಅಲ್ಯೂಮಿನಿಯಂ ಬಿರುಕು ನಿಧಾನಕ್ಕೆ ಬೆಳೆಯುತ್ತದೆ. ಕಾರ್ಬನ್ ಫೋರ್ಕ್ ಹೊರಗೆ ಏನೂ ತೋರದೆ ಒಂದು ದಿನ ಒಮ್ಮೆಲೇ ಮುರಿಯಬಹುದು, ಆದ್ದರಿಂದ ಅದನ್ನು ತಿಳಿದವರ ಕೈಯಲ್ಲೇ ಪರೀಕ್ಷೆ ಮಾಡಿಸಬೇಕು. ಗೇರ್ ಇರುವ ಬದಿಗೆ ಸೈಕಲ್ ಬಿದ್ದಿದ್ದರೆ ಹಿಂದಿನ ಗೇರ್ ತೂಗುಹಾಕಿರುವ ಸಣ್ಣ ಲೋಹದ ತುಂಡು ಒಳಕ್ಕೆ ಬಾಗಿರಬಹುದು. ಅತಿ ಕಡಿಮೆ ಗೇರ್‌ಗೆ ಬದಲಿಸಿದಾಗ ಅದು ಕಡ್ಡಿಗಳಿಗೆ ಸಿಕ್ಕಿಕೊಂಡು ಚಕ್ರವೇ ಕಚ್ಚಿಕೊಳ್ಳಬಹುದು. ಪರಿಹಾರದ ವ್ಯವಹಾರ ಬಾಕಿಯಿದ್ದರೆ ಒಡೆದ ಹೆಲ್ಮೆಟ್ ಅನ್ನೂ ಬಿಚ್ಚಿದ ಭಾಗಗಳನ್ನೂ ಎಸೆಯದೆ ಚಿತ್ರ ತೆಗೆದು ಇಟ್ಟುಕೊಳ್ಳಿ.

ಪ್ರಶ್ನೆ: ನಾನು ಕಾರು ಓಡಿಸುವವಳು. ತಿರುವಿನಲ್ಲಿ ಎರಡೂ ಕಡೆ ನೋಡಿಯೇ ಕಾರನ್ನು ಮುಂದೆ ತೆಗೆದೆ, ಆದರೂ ಸೈಕಲ್ ಸವಾರರೊಬ್ಬರಿಗೆ ತಾಗಿಸಿದೆ. ಅವರು ನನ್ನ ಕಣ್ಣಿಗೆ ನಿಜವಾಗಿಯೂ ಬೀಳಲಿಲ್ಲ ಎಂದರೆ ಯಾರೂ ನಂಬುತ್ತಿಲ್ಲ.

ಉತ್ತರ: ನಾವು ನಂಬುತ್ತೇವೆ, ಆದರೆ ಅದರಿಂದ ಹೊಣೆ ತಪ್ಪುವುದಿಲ್ಲ. ಕಣ್ಣನ್ನು ಸರ್ರನೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹಾಯಿಸುವಾಗ, ಆ ಚಲನೆಯ ನಡುವೆ ಮಿದುಳು ದೃಷ್ಟಿಯನ್ನು ತಡೆಹಿಡಿಯುತ್ತದೆ. ಕಣ್ಣು ನಿಂತ ಕಡೆ ಮಾತ್ರ ನೋಟ ನಿಚ್ಚಳವಾಗಿರುತ್ತದೆ. ಕಾರು, ಲಾರಿಗಳನ್ನೇ ಹುಡುಕುವ ರೂಢಿಯಿರುವ ನೋಟಕ್ಕೆ ತೆಳ್ಳಗಿನ ಸೈಕಲ್ ದಕ್ಕುವುದಿಲ್ಲ. ಇದಕ್ಕಿಂತ ವಿಚಿತ್ರವಾದ ಇನ್ನೊಂದು ಸಂಗತಿಯಿದೆ. ಮುಂಗಾಜಿನ ಪಕ್ಕದ ಕಂಬದ ಮರೆಯಲ್ಲಿ ಸೈಕಲ್ ಒಮ್ಮೆ ಬಂದರೆ, ಎರಡೂ ವಾಹನಗಳು ಒಂದೇ ಬಿಂದುವಿನತ್ತ ಬದಲಾಗದ ವೇಗದಲ್ಲಿ ಸಾಗುತ್ತಿರುವವರೆಗೆ ಅದು ಅದೇ ಮರೆಯಲ್ಲೇ ಉಳಿಯುತ್ತದೆ. ಅಂದರೆ ಡಿಕ್ಕಿಯಾಗುವ ದಾರಿಯಲ್ಲಿರುವ ಸೈಕಲ್ಲೇ ಕಾಣಿಸದೆ ಹೋಗುವುದು! ಆದ್ದರಿಂದ ತಿರುವಿನಲ್ಲಿ ನಿಧಾನಿಸಿ, ಪ್ರತಿ ಬದಿಗೂ ಕಣ್ಣು ನಿಲ್ಲಿಸಿ ಎರಡೆರಡು ಬಾರಿ ನೋಡಬೇಕು, ಆ ಕಂಬದಾಚೆ ಇಣುಕಲು ತಲೆಯನ್ನು ಹಿಂದೆ ಮುಂದೆ ಸರಿಸಬೇಕು.

ವೇಗದ ಲೆಕ್ಕವೂ ಇಲ್ಲಿ ಬರುತ್ತದೆ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 14 ಮೀಟರ್ ಸಾಗುತ್ತದೆ, 30 ಕಿಲೋಮೀಟರ್ ವೇಗದಲ್ಲಿ 8 ಮೀಟರ್‌ಗಿಂತ ತುಸು ಹೆಚ್ಚು. ಕಾಲು ಬ್ರೇಕ್ ಮೇಲೆ ಹೋಗುವಷ್ಟರಲ್ಲೇ ಇಷ್ಟು ದೂರ ಕಳೆದಿರುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ 50ರ ವೇಗದ ಪೆಟ್ಟಿನಲ್ಲಿ 30ರದಕ್ಕಿಂತ ಎರಡೂಮುಕ್ಕಾಲು ಪಟ್ಟು ಶಕ್ತಿಯಿರುತ್ತದೆ. ಹಾಗೆಂದು ಕಡಿಮೆ ವೇಗದಲ್ಲಿ ಮೂಳೆ ಮುರಿಯುವುದಿಲ್ಲವೆಂದಲ್ಲ. 1896ರ ಮೇ 30ರಂದು ನ್ಯೂಯಾರ್ಕ್‌ನಲ್ಲಿ ಡ್ಯೂರಿಯಾ ಕಂಪನಿಯ ಮೋಟಾರು ಗಾಡಿಯೊಂದು ಸೈಕಲ್ ಸವಾರಿ ಮಾಡುತ್ತಿದ್ದ ಮಹಿಳೆಗೆ ಬಡಿದು ಅವರ ಕಾಲು ಮುರಿಯಿತು, ಚಾಲಕ ಆ ರಾತ್ರಿಯನ್ನು ಬಂಧನದಲ್ಲಿ ಕಳೆದ. ಆ ಕಾಲದ ಮೋಟಾರು ಗಾಡಿಗಳ ವೇಗ ಇಂದಿನವರಿಗೆ ನಗು ತರಿಸುವಷ್ಟು ಕಡಿಮೆ.

ನಿಲ್ಲಿಸಿದ ಕಾರಿನ ಬಾಗಿಲಿನ ಬಗ್ಗೆಯೂ ಒಂದು ಮಾತು, ನೀವು ಕೇಳದಿದ್ದರೂ. ಬಾಗಿಲಿಗೆ ಹತ್ತಿರದ ಕೈಯಿಂದ ತೆರೆಯುವ ಬದಲು ದೂರದ ಕೈಯಿಂದ ಹಿಡಿಕೆ ಎಳೆದರೆ ಭುಜ ತಿರುಗುತ್ತದೆ, ಅದರೊಂದಿಗೆ ಕತ್ತೂ ತಿರುಗಿ ಹಿಂದಿನಿಂದ ಬರುತ್ತಿರುವ ಸೈಕಲ್ ಕಣ್ಣಿಗೆ ಬೀಳುತ್ತದೆ. ಮಕ್ಕಳಿಗೂ ಹಿಂದಿನ ಸೀಟಿನಲ್ಲಿ ಕೂರುವವರಿಗೂ ಇದನ್ನು ರೂಢಿ ಮಾಡಿಸಿ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದವೂ ಇತರರಿಗೆ ಅಪಾಯವಿಲ್ಲವೆಂದು ಖಚಿತಪಡಿಸಿಕೊಳ್ಳದೆ ಬಾಗಿಲು ತೆರೆಯುವುದನ್ನು ನಿಷೇಧಿಸಿದೆ.

ಪ್ರಶ್ನೆ: ಗಾಯವೆಲ್ಲ ವಾಸಿಯಾಗಿ ತಿಂಗಳುಗಳೇ ಕಳೆದಿವೆ. ಈಗಲೂ ಹಿಂದಿನಿಂದ ಕಾರಿನ ಸದ್ದು ಕೇಳಿದರೆ ಕೈ ನಡುಗುತ್ತದೆ. ಮನೆಯವರು ಸೈಕಲ್ ಬಿಡು ಎನ್ನುತ್ತಾರೆ.

ಉತ್ತರ: ಮೊದಲ ಕೆಲವು ವಾರ ಹೀಗಾಗುವುದು ಸಹಜ, ಹೆಚ್ಚಿನವರಲ್ಲಿ ತಾನಾಗಿಯೇ ಇಳಿಯುತ್ತದೆ. ತಿಂಗಳು ದಾಟಿದ ಮೇಲೂ ಆ ದೃಶ್ಯ ಮರುಕಳಿಸುತ್ತಿದ್ದರೆ, ನಿದ್ದೆ ಕೆಟ್ಟರೆ, ಆ ರಸ್ತೆಯನ್ನೇ ತಪ್ಪಿಸಿ ಓಡಾಡುವಂತಾಗಿದ್ದರೆ ಮನೋವೈದ್ಯರನ್ನು ಅಥವಾ ಮನಶ್ಶಾಸ್ತ್ರಜ್ಞರನ್ನು ಕಾಣಬೇಕು. ಆಘಾತದ ನೆನಪಿಗೆಂದೇ ರೂಪಿಸಿದ ಮಾತಿನ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಕೆಲಸ ಮಾಡುತ್ತದೆ. ಬಿಡುವುದೋ ಬೇಡವೋ ಎಂಬುದನ್ನು ಅದಾದ ಮೇಲೆ ನೀವೇ ತೀರ್ಮಾನಿಸಿ, ಮನೆಯವರ ಆತಂಕ ನ್ಯಾಯವಾದದ್ದೇ ಆದರೂ ತೀರ್ಮಾನ ಅವರದಲ್ಲ. ಮತ್ತೆ ಹತ್ತುವುದಾದರೆ ವಾಹನ ಕಡಿಮೆಯಿರುವ ಹೊತ್ತಿನಲ್ಲಿ, ದಾರಿ ತುಸು ಸುತ್ತಾದರೂ ಸದ್ದಿಲ್ಲದ ಬೀದಿಯಲ್ಲಿ ಆರಂಭಿಸಿ. ನಿಲ್ಲಿಸಿದ ಕಾರುಗಳಿಂದ ಒಂದು ಬಾಗಿಲು ಪೂರ್ತಿ ತೆರೆದುಕೊಳ್ಳುವಷ್ಟು ದೂರವಿಟ್ಟು ಸಾಗಿ. ತಿರುವಿನ ಬಳಿ ನಿಂತ ಕಾರು ಅಥವಾ ಲಾರಿಯ ಪಕ್ಕಕ್ಕೆ ನುಗ್ಗದೆ ಅದರ ಹಿಂದೆಯೇ ನಿಲ್ಲಿ, ಅದು ತಿರುಗಿ ಹೋದ ಮೇಲೆ ಮುಂದೆ ಹೋಗಿ.