ಹೆಮಟೈಟ್‌ನಿಂದ ಹೈಡ್ರೋಜನ್: ತಡೆ ಎಲ್ಲಿದೆ?

ಪ್ರಶ್ನೆ: ನಮ್ಮ ಸಂಡೂರಿನ ಅದಿರಿನಲ್ಲಿರುವ ಹೆಮಟೈಟ್ (ಕಬ್ಬಿಣದ ಆಕ್ಸೈಡ್) ಬಿಸಿಲಿನಲ್ಲಿ ನೀರನ್ನು ಒಡೆದು ಹೈಡ್ರೋಜನ್ ಕೊಡುತ್ತದಂತೆ. ಇಷ್ಟು ಅಗ್ಗದ ವಸ್ತು ಇದ್ದರೂ ಯಾಕೆ ಬಳಕೆಗೆ ಬಂದಿಲ್ಲ? ಅದನ್ನು ಸುಧಾರಿಸಲು ಏನು ಮಾಡುತ್ತಾರೆ?
– ಎಂ.ಎಸ್ಸಿ. ವಿದ್ಯಾರ್ಥಿನಿ, ಹೊಸಪೇಟೆ

ಉತ್ತರ: ಮೊದಲೇ ಹೇಳಿಬಿಡುತ್ತೇನೆ, ಅದಿರನ್ನು ಅರೆದು ಹಚ್ಚಿದರೆ ಕೆಲಸ ಆಗುವುದಿಲ್ಲ. ಲ್ಯಾಬ್‌ಗಳಲ್ಲಿ ಕಬ್ಬಿಣದ ಲವಣದ ದ್ರಾವಣದಿಂದ ಗಾಜಿನ ಮೇಲೆ ತೆಳುವಾದ ಪದರ ಬೆಳೆಸುತ್ತಾರೆ.

1972ರಲ್ಲಿ ಜಪಾನಿನ ಫುಜಿಶಿಮಾ ಮತ್ತು ಹೋಂಡಾ ಟೈಟಾನಿಯಂ ಡೈಆಕ್ಸೈಡ್ ಬಳಸಿ ಬೆಳಕಿನಿಂದ ನೀರನ್ನು ಒಡೆದದ್ದು ನೀವು ಓದಿರುತ್ತೀರಿ. ಅದು ಹೀರುವುದು ಅತಿನೇರಳೆ ಕಿರಣವನ್ನು ಮಾತ್ರ. ಬಿಸಿಲಿನಲ್ಲಿ ಅದರ ಪಾಲು ಶೇ 5ರ ಆಸುಪಾಸು. ಹೆಮಟೈಟ್‌ನ ಬ್ಯಾಂಡ್ ಗ್ಯಾಪ್, ಅಂದರೆ ಎಲೆಕ್ಟ್ರಾನನ್ನು ಎಬ್ಬಿಸಲು ಬೆಳಕಿಗೆ ಇರಬೇಕಾದ ಕನಿಷ್ಠ ಶಕ್ತಿ, ಸುಮಾರು 2.1 ಎಲೆಕ್ಟ್ರಾನ್ ವೋಲ್ಟ್. ಹಾಗಾಗಿ ನೀಲಿ, ಹಸಿರು ಬೆಳಕನ್ನೂ ಹೀರುತ್ತದೆ.

ತೊಂದರೆ ಇರುವುದು ಪದರದ ಒಳಗೆ. ಬೆಳಕು ಬಿದ್ದಾಗ ಎಲೆಕ್ಟ್ರಾನ್ ಎದ್ದುಹೋಗಿ ಅದರ ಜಾಗದಲ್ಲಿ 'ಹೋಲ್' ಉಳಿಯುತ್ತದೆ. ಅದು ಮೇಲ್ಮೈಗೆ ಬಂದು ನೀರನ್ನು ಮುಟ್ಟಿದರೆ ಮಾತ್ರ ಆಮ್ಲಜನಕ ಹೊರಡುತ್ತದೆ. ಹೆಮಟೈಟ್‌ನಲ್ಲಿ ಹೋಲ್ ಸಾಗುವುದು ಕೆಲವೇ ನ್ಯಾನೋಮೀಟರ್. ಬೆಳಕನ್ನು ಚೆನ್ನಾಗಿ ಹೀರಲು ನೂರಾರು ನ್ಯಾನೋಮೀಟರ್ ದಪ್ಪ ಬೇಕು. ಪದರ ದಪ್ಪವಾದರೆ ಹೋಲ್ ದಾರಿಯಲ್ಲೇ ಎಲೆಕ್ಟ್ರಾನ್ ಜೊತೆ ಸೇರಿ ಮುಗಿದುಹೋಗುತ್ತದೆ. ತೆಳುವಾದರೆ ಬೆಳಕು ಸುಮ್ನೆ ದಾಟಿಹೋಗುತ್ತದೆ.

ಇದಕ್ಕೆ ಒಳ್ಳೆಯ ದಾರಿ ಸಿಕ್ಕಿದ್ದು ಪದರದ ಆಕಾರದಲ್ಲಿ. ಸ್ವಿಟ್ಜರ್ಲೆಂಡಿನ ಮೈಕೆಲ್ ಗ್ರೆಟ್ಸೆಲ್ ತಂಡ 2006ರಲ್ಲಿ ಸಿಲಿಕಾನ್ ಬೆರೆಸಿದ ಹೆಮಟೈಟನ್ನು ಹೂಕೋಸಿನ ಹಾಗೆ ಕವಲೊಡೆಯುವಂತೆ ಬೆಳೆಸಿತು. ತುದಿಯ ಎಸಳುಗಳು 10-20 ನ್ಯಾನೋಮೀಟರ್ ಅಷ್ಟೇ. ಹೋಲ್ ಎಲ್ಲಿ ಹುಟ್ಟಿದರೂ ನೀರು ಹತ್ತಿರ, ಅಲ್ವಾ? ಇಂಥ ಪದರಗಳನ್ನು ಹೋಲಿಸಲು ಬಳಸುವ 1.23 ವೋಲ್ಟ್‌ನಲ್ಲಿ ಚದರ ಸೆಂಟಿಮೀಟರಿಗೆ 2.2 ಮಿಲಿಆಂಪಿಯರ್ ಕರೆಂಟ್ ಬಂತು. ಲೆಕ್ಕದ ಪ್ರಕಾರ ಸಿಗಬಹುದಾದ ಗರಿಷ್ಠ ಸುಮಾರು 12.6.

ಇನ್ನೊಂದು ದಾರಿ ಟೈಟಾನಿಯಂ ಅಥವಾ ತವರವನ್ನು ಚೂರೇ ಚೂರು ಬೆರೆಸುವುದು. ಇದರಿಂದ ಎಲೆಕ್ಟ್ರಾನ್ ಸಲೀಸಾಗಿ ಹರಿಯುತ್ತದೆ. ತವರದ ವಿಷಯ ನನಗೆ ತುಂಬಾ ಇಷ್ಟ. ಟಿನ್ ಆಕ್ಸೈಡ್ ಲೇಪಿಸಿದ ಗಾಜಿನ ಮೇಲೆ ಹೆಮಟೈಟ್ ಬೆಳೆಸಿ 800 ಡಿಗ್ರಿಗೆ ಕಾಯಿಸಿದರೆ, ಆ ಲೇಪದ ತವರವೇ ಹೆಮಟೈಟ್‌ಗೆ ಇಳಿಯುತ್ತದೆ. ಆದರೆ ಜಾಸ್ತಿ ಹೊತ್ತು ಇಟ್ಟರೆ ಗಾಜು ಬಾಗುತ್ತದೆ, ಲೇಪವೂ ಕೆಡುತ್ತದೆ. ಮೇಲ್ಮೈಗೆ ಕೋಬಾಲ್ಟ್ ಫಾಸ್ಫೇಟ್‌ನಂಥ ವೇಗವರ್ಧಕ ಹಚ್ಚುವುದೂ ಇದೆ.

ಇಷ್ಟೆಲ್ಲ ಮಾಡಿದರೂ ಹೆಮಟೈಟ್ ಒಂದೇ ಹೈಡ್ರೋಜನ್ ಕೊಡಲಾರದು. ಅದರಲ್ಲಿ ಎದ್ದ ಎಲೆಕ್ಟ್ರಾನ್‌ಗೆ ನೀರಿನಿಂದ ಹೈಡ್ರೋಜನ್ ಬಿಡಿಸುವಷ್ಟು ಶಕ್ತಿ ಇರುವುದಿಲ್ಲ. ಹೊರಗಿನಿಂದ ವೋಲ್ಟೇಜ್ ಕೊಡಬೇಕು, ಇಲ್ಲವೇ ಜೊತೆಗೊಂದು ಸೌರಕೋಶ ಬೇಕು. ನೀವು ಇದರಲ್ಲೇ ಪ್ರಾಜೆಕ್ಟ್ ಮಾಡುವುದಾದರೆ ಕರೆಂಟಿನ ಅಂಕಿಯೊಂದನ್ನೇ ಬರೆದು ನಿಲ್ಲಿಸಬೇಡಿ. ಹೊರಬಂದ ಅನಿಲವನ್ನು ಅಳೆಯಿರಿ, ಪದರ ಎಷ್ಟು ಗಂಟೆ ಬಾಳಿತು ಅನ್ನುವುದನ್ನೂ ಬರೆಯಿರಿ.